ತೊಂಬತ್ತಾರು ತೂಕ, ಎಂಟು ಕುಟುಂಬ

ಅಕ್ಕೋರ ಎಡಗೈ ಮಣಿಕಟ್ಟಿನಿಂದ ಮೊಣಕೈಯವರೆಗೆ ಸದಾ ನೀಲಿಯಾಗಿರುತ್ತಿತ್ತು. ಬಸ್ಸಿನಲ್ಲಿ ಕೂತಾಗ, ರೇಷನ್ ಸಾಲಿನಲ್ಲಿ ನಿಂತಾಗ, ಒಲೆಯ ಮೇಲೆ ದೋಸೆ ಬೇಯುತ್ತಿರುವಾಗ ಏನಾದರೂ ಲೆಕ್ಕ ಹೊಳೆದರೆ ಕಾಗದ ಹುಡುಕುವ ತಾಳ್ಮೆ ಅವರಿಗಿರಲಿಲ್ಲ. ಬಾಲ್ ಪೆನ್ನು ತೆಗೆದು ಚರ್ಮದ ಮೇಲೆಯೇ ಗೀಚುತ್ತಿದ್ದರು. ಸಂಜೆ ಅದನ್ನೆಲ್ಲ ನೋಟ್ ಪುಸ್ತಕಕ್ಕೆ ಇಳಿಸಿ, ಕೈಯನ್ನು ಲಿಂಬೆ ಸಿಪ್ಪೆಯಿಂದ ಗಸಗಸ ತಿಕ್ಕಿ ತೊಳೆಯುತ್ತಿದ್ದರು. ಪೂರ್ತಿ ಹೋಗುತ್ತಿರಲಿಲ್ಲ. ಮೊದಲ ಸಲ ನೋಡಿದವರು ಅಕ್ಕೋರು ಎಲ್ಲೋ ಬಿದ್ದು ಪೆಟ್ಟು ಮಾಡಿಕೊಂಡಿದ್ದಾರೆಂದು ತಿಳಿದು ಎಣ್ಣೆ ಹಚ್ಚಲು ಹೇಳುತ್ತಿದ್ದರು.

ನಮ್ಮ ಕಡೆ ಶಾಲೆ, ಕಾಲೇಜಿನಲ್ಲಿ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುತ್ತೇವೆ. ಶಿರಸಿಯಲ್ಲಿ ಹುಡುಕಿದರೆ ಓಣಿಗೆ ನಾಲ್ಕು ಮಂದಿ ಅಕ್ಕೋರು ಸಿಗುತ್ತಾರೆ. ನನಗೆ ಮಾತ್ರ ಅಕ್ಕೋರು ಎಂದರೆ ಇವರೊಬ್ಬರೇ. ಬಯಲುಸೀಮೆಯ ಅಂಚಿನ ಗುಡ್ನಾಪುರದ ಹತ್ತಿರದ ಊರಿನವರು. ನಾನು ಹೇಳುತ್ತಿರುವ ಕಾಲಕ್ಕೆ, ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ಅಷ್ಟು ವರ್ಷ ಶಿರಸಿಯಲ್ಲಿದ್ದರೂ ಬಾಯಿಯಿಂದ ಊರ ಕಡೆಯ ಮಾತು ಹೋಗಿರಲಿಲ್ಲ. ಹೋಗಲಿ ಎಂದು ಅವರೂ ಬಯಸಿರಲಿಲ್ಲ.

ಅವರದೊಂದು ಪ್ರಶ್ನೆಯಿತ್ತು: "ಎಷ್ಟ ಮಂದಿ?" ತರಕಾರಿಯವ "ಈ ಬದನೆ ಚೊಲೋ ಇದೆ ಅಂತ ಎಲ್ಲರೂ ಹೇಳ್ತಾರೆ" ಎಂದರೆ ಸಾಕು, ಚೀಲ ಕೆಳಗಿಟ್ಟು ಶುರು ಮಾಡುತ್ತಿದ್ದರು. "ಎಲ್ಲಾರು ಅಂದ್ರ ಎಷ್ಟ ಮಂದಿ? ಹತ್ತ ಮಂದಿ ಒಂದೊಂದ ಸಲ ಹೇಳ್ಯಾರೋ, ನಿನ್ನ ಹೇಣ್ತಿ ಒಬ್ಬಾಕೀನ ಹತ್ತ ಸಲ ಹೇಳ್ಯಾಳೋ?" ಅವನು ನಗುತ್ತಿದ್ದ. ಅವರು ನಗುತ್ತಿರಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದರು. ಅವರಿಗೆ ತಲೆ ಸರಿಯಿಲ್ಲ ಎನ್ನುವವರು ಊರಿನಲ್ಲಿ ಸಾಕಷ್ಟಿದ್ದರು. ಅಂಥವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಓದಲಿ. ನಾನು ಬರೆಯುತ್ತಿರುವುದೇ ಅಂಥವರಿಗಾಗಿ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಜೇನಿಗೆ ಕೆಟ್ಟ ರೋಗವೊಂದು ಬಂದಿತ್ತು. ಗೂಡಿನೊಳಗಿನ ಮರಿಹುಳುಗಳು ನೀರು ತುಂಬಿದ ಚೀಲಗಳಾಗಿ ಸಾಯುತ್ತಿದ್ದವು. ಸಾಲಾಗಿ ಪೆಟ್ಟಿಗೆ ಇಟ್ಟುಕೊಂಡಿದ್ದವರ ಅಂಗಳದಲ್ಲಿ ಒಂದೂ ಜೇನುನೊಣ ಹಾರದ ಸ್ಥಿತಿ. ನಾನು ಆಗ ಜೇನು ಸಾಕುವವರ ಸಂಘವೊಂದರಲ್ಲಿ ತಾತ್ಕಾಲಿಕ ಸಹಾಯಕಿಯಾಗಿದ್ದೆ. ಸಂಘದ ಅಧ್ಯಕ್ಷರು ಎಲ್ಲಿಂದಲೋ ಒಂದು ಪುಡಿ ತರಿಸಿದರು. ಸಕ್ಕರೆ ಪಾಕದಲ್ಲಿ ಕಲಸಿ ಜೇನಿಗೆ ಉಣಿಸಿದರೆ ರೋಗ ನಿಲ್ಲುತ್ತದೆ ಎಂಬುದು ಮಾತು. ಪರೀಕ್ಷೆ ಮಾಡಿ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ವರದಿ ಚೆನ್ನಾಗಿ ಬಂದರೆ ಎರಡು ಸಂಗತಿ ಆಗುವುದಿತ್ತು. ವಾರ್ಷಿಕ ಸಭೆಯಲ್ಲಿ ಪುಡಿಯನ್ನು ಎಲ್ಲ ಸದಸ್ಯರಿಗೂ ಕಡ್ಡಾಯ ಮಾಡುತ್ತಾರೆ, ಪುಡಿ ಹಾಕದವರಿಗೆ ಸಂಘದ ಪೆಟ್ಟಿಗೆ ಸಿಗುವುದಿಲ್ಲ. ಎರಡನೆಯದು, ನನ್ನ ಕೆಲಸ ಕಾಯಂ ಆಗುತ್ತದೆ. ಅಪ್ಪ ತೀರಿಕೊಂಡು ವರ್ಷವಾಗಿದ್ದ ಮನೆಯ ಹಿರಿಮಗಳಿಗೆ ಅದು ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ.

ಎಂಟು ಪೆಟ್ಟಿಗೆ, ಪೆಟ್ಟಿಗೆಗೊಂದು ಜೇನಿನ ಕುಟುಂಬ, ಆರಿಸಿದೆ: ಶಿರಸಿಯ ಹೆಗಡೆಕಟ್ಟಾದಲ್ಲಿ ಮೂರು, ಸಿದ್ದಾಪುರದ ನಿಲ್ಕುಂದದಲ್ಲಿ ಮೂರು, ಯಲ್ಲಾಪುರದ ಕಡೆ ಎರಡು. ಚೀಟಿ ಎತ್ತಿ ನಾಲ್ಕಕ್ಕೆ ಪುಡಿ, ಉಳಿದ ನಾಲ್ಕಕ್ಕೆ ಬರೀ ಪಾಕ. ನೊಣಗಳು ಗೂಡು ಸೇರುವ ಮುಚ್ಚಂಜೆಯಲ್ಲಿ ತಕ್ಕಡಿಯ ಕೊಂಡಿಗೆ ಪೆಟ್ಟಿಗೆ ತೂಗುಹಾಕಿ ತೂಕ ಬರೆದುಕೊಳ್ಳುವುದು. ವಾರ ವಾರವೂ ಮೂರು ತಾಲೂಕು ಬಸ್ಸಿನಲ್ಲಿ ಸುತ್ತಿ, ಹನ್ನೆರಡು ವಾರ ತೂಗಿದೆ. ಎಂಟು ಹನ್ನೆರಡಲೆ ತೊಂಬತ್ತಾರು ತೂಕ. ಅಧ್ಯಕ್ಷರು ಅದನ್ನು ಹುಬ್ಬಳ್ಳಿಯ ಕಡೆ ಕಳಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿದರು. ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದ ಬಂತು. ಪುಡಿ ಎಂಬ ಸಾಲಿನ ಮುಂದೆ ಮೂರು ನಕ್ಷತ್ರಗಳು ಅಚ್ಚಾಗಿದ್ದವು. ನಕ್ಷತ್ರ ಹೆಚ್ಚಿದ್ದಷ್ಟೂ ಫಲಿತಾಂಶ ಗಟ್ಟಿ ಎಂದು ಅಡಿಯಲ್ಲಿ ಬರೆದಿತ್ತು. ಅಧ್ಯಕ್ಷರು ಎಲ್ಲರಿಗೂ ಚಹಾ ತರಿಸಿದರು.

"ಇನ್ನು ಅಕ್ಕೋರ ಸಹಿ ಒಂದು ಹಾಕ್ಸಿಕೊಂಡು ಬಾ ತಂಗಿ. ಅವ್ರ ಸಹಿ ಇದ್ರೆ ಸಭೆಯಲ್ಲಿ ಯಾರೂ ತುಟಿ ಬಿಚ್ಚೂದಿಲ್ಲ" ಎಂದರು.

ನಾನು ಆ ಉದ್ದ ಕಾಗದ ಮಡಚಿಕೊಂಡು ಖುಷಿಯಿಂದ ಹೋದೆ. ಅಕ್ಕೋರು ಕನ್ನಡಕ ಏರಿಸಿ ನಕ್ಷತ್ರಗಳನ್ನು ನೋಡಿದರು, ನನ್ನನ್ನು ನೋಡಿದರು.

"ಎಷ್ಟ ಮಂದಿ?"

"ತೊಂಬತ್ತಾರು, ಅಕ್ಕೋರೆ."

"ತೊಂಬತ್ತಾರು ಜೇನಿನ ಕುಟುಂಬ ತೂಗಿ ಬಂದಿ? ಶಾಬಾಸ್."

"ಅಲ್ಲ, ಕುಟುಂಬ ಎಂಟು. ಒಂದೊಂದನ್ನು ಹನ್ನೆರಡು ಸಲ..."

"ಹಂಗಾರ ಎಂಟ ಮಂದಿ ಅನ್ನು. ಒಬ್ಬ ಸಾಕ್ಷಿ ಹನ್ನೆರಡ ಸಲ ಕೋರ್ಟಿಗೆ ಬಂದ್ರ ಹನ್ನೆರಡ ಸಾಕ್ಷಿ ಆಗ್ತಾರೇನು? ಗಟ್ಟಿ ಇದ್ದ ಕುಟುಂಬ ಎಲ್ಲಾ ವಾರಾನೂ ಗಟ್ಟಿ ಇರ್ತದ. ಬಡಕಲು ಇದ್ದದ್ದು ಎಲ್ಲಾ ವಾರಾನೂ ಬಡಕಲ. ನಿನ್ನ ಹುಬ್ಬಳ್ಳಿ ಯಂತ್ರ ಇದನ್ನ ಕೇಳಲೇ ಇಲ್ಲ."

ನನಗೆ ಸಿಟ್ಟು ಬಂತು. ಮೂರು ತಿಂಗಳು ಮಳೆ, ಜಿಗಣೆ, ಬಸ್ಸು ಎನ್ನದೆ ಅಲೆದವಳು ನಾನು. ಇವರು ಕುರ್ಚಿಯಲ್ಲಿ ಕೂತು ಒಂದೇ ಮಾತಿಗೆ ನನ್ನ ತೊಂಬತ್ತಾರನ್ನು ಎಂಟು ಮಾಡಿಬಿಟ್ಟರು. ಸಹಿ ಹಾಕುವುದಿದ್ದರೆ ಹಾಕಿ, ಇಲ್ಲದಿದ್ದರೆ ಕಾಗದ ಕೊಡಿ ಎಂದುಬಿಟ್ಟೆ. ಅವರು ಕಾಗದ ಕೊಡಲಿಲ್ಲ. ಗ್ರಾಫ್ ಹಾಳೆ ತಂದು ನನ್ನ ಮುಂದಿಟ್ಟು, "ಕೂಡು. ಕುಟುಂಬಕ್ಕೊಂದು ಗೆರಿ ಎಳಿ" ಎಂದರು.

ಎಳೆದೆ. ಎಂಟು ಗೆರೆಗಳು. ಏಳು ಗೆರೆಗಳು ಅವುಗಳ ಪಾಡಿಗೆ ಮೆಲ್ಲಗೆ ಏರುತ್ತ, ಇಳಿಯುತ್ತ ಹೋಗಿದ್ದವು. ಪುಡಿ ಹಾಕದ ಐದನೆಯ ಪೆಟ್ಟಿಗೆಯ ಗೆರೆ ಮಾತ್ರ ಆರನೆಯ ವಾರದವರೆಗೆ ಒಂದು ದಾರಿಯಲ್ಲಿದ್ದದ್ದು ಏಳನೆಯ ವಾರಕ್ಕೆ ದಿಢೀರನೆ ಕುಸಿದು, ಅಲ್ಲಿಂದ ಬೇರೆಯೇ ನಡಿಗೆ ಹಿಡಿದಿತ್ತು. ಅಕ್ಕೋರು ಆ ಜಾಗದ ಮೇಲೆ ಬೆರಳಿಟ್ಟರು. "ಇಲ್ಲಿಂದ ಇವ್ರು ಬ್ಯಾರೆ ಮಂದಿ" ಎಂದರು. ಮರುದಿನ ಬೆಳಿಗ್ಗೆ ಕೊಡೆ, ಚೀಲ ಹಿಡಿದು ಬಸ್ ನಿಲ್ದಾಣದಲ್ಲಿ ನನಗಿಂತ ಮೊದಲು ಬಂದು ನಿಂತಿದ್ದರು.

ನಿಲ್ಕುಂದದಲ್ಲಿ ಆ ಪೆಟ್ಟಿಗೆಗಳ ಯಜಮಾನರು ಅಪ್ಪಟ ಸಜ್ಜನರು. ಅಕ್ಕೋರು ಕೇಳಿದ್ದಕ್ಕೆ ಕಣ್ಣು ಮಿಟುಕಿಸದೆ ಉತ್ತರ ಕೊಟ್ಟರು.

"ಹೌದು, ಆ ಕುಟುಂಬ ಹಾರಿಹೋತು. ಈ ಕೂಸು ಅಷ್ಟು ದೂರದಿಂದ ತೂಗಲೆ ಬತ್ತು, ಅದಕ್ಕೆ ಖಾಲಿ ಪೆಟ್ಟಿಗೆ ತೋರ್ಸದು ಹೆಂಗೆ? ಬೆಟ್ಟದಲ್ಲಿ ಮರದ ಪೊಟರೆಯಲ್ಲಿದ್ದ ಜೇನು ತಂದು ಅದೇ ಪೆಟ್ಟಿಗೆಲಿ ಕೂರ್ಸಿದೆ. ಇದರ ಲೆಕ್ಕ ನಿಲ್ಲಲಾಗ ಹೇಳಿ."

ನನಗಾಗಿ, ನನ್ನ ಲೆಕ್ಕಕ್ಕೆ ತೊಂದರೆಯಾಗದಿರಲೆಂದು ಮಾಡಿದ ಉಪಕಾರ ಅದು. ನಮ್ಮ ಕಡೆ ಜೇನು ಸಾಕುವವರು ಖಾಲಿ ಪೆಟ್ಟಿಗೆಯನ್ನು ಅಂಗಳದಲ್ಲಿಡಲು ನಾಚುತ್ತಾರೆ. ಒಂದು ಹಾರಿದರೆ ಇನ್ನೊಂದನ್ನು ಹಿಡಿದು ತಂದು ಕೂರಿಸುತ್ತಾರೆ. ಪೆಟ್ಟಿಗೆಯ ಹೆಸರು, ನಂಬರು ಮಾತ್ರ ಹಳೆಯದೇ. ನಾನು ತೂಗುತ್ತಿದ್ದದ್ದು ಮುಚ್ಚಂಜೆಯಲ್ಲಿ, ಮುಚ್ಚಳ ಹಾಕಿದ ಪೆಟ್ಟಿಗೆಯನ್ನು. ಒಳಗೆ ಯಾರಿದ್ದಾರೆಂದು ಒಮ್ಮೆಯೂ ಇಣುಕಿರಲಿಲ್ಲ. ಹೊಸದಾಗಿ ಬಂದ ಬಡಕಲು ಜೇನಿನ ತೂಕ ಪುಡಿ ಹಾಕದವರ ಕಡೆ ಸೇರಿ, ಪುಡಿಯನ್ನು ಮೇಲೆತ್ತಿ ತೋರಿಸಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಅತ್ತೆ. ಅಕ್ಕೋರು ಸಮಾಧಾನ ಹೇಳುವ ಜಾತಿಯವರಲ್ಲ. "ಹಾರಿಹೋದ ಕುಟುಂಬದ ಆರು ವಾರ ಖರೇನ ಅದಾವು, ಅವನ್ನ ಇಟ್ಕೊ. ಉಳಿದ ಆರು ತಗದ್ ಹಾಕು. ಹಾರಿಹೋಗಿದ್ದನ್ನ ವರದೀಯ ಮೊದಲನೇ ಪುಟದಾಗ ಬರಿ. ಹಾರಿಹೋಗೂದು ಸುದ್ದಿ ಹೌದಲ್ಲೊ?" ಎಂದು ಎಡಗೈ ಮೇಲೆ ಏನೋ ಗೀಚಿಕೊಂಡರು.

ಅವರು ಆ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಲೆಕ್ಕ ಹಾಕಲೆಂದು ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಅಂಚೆಯಲ್ಲಿ ಕಳಿಸಿದರು. ಮಿಕ್ಸೆಡ್ ಮಾಡೆಲ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಆಗ. ಪ್ರತಿ ತೂಕದಲ್ಲೂ ಮೂರು ಪಾಲಿರುತ್ತವೆ ಎಂದು ಅವರು ವಿವರಿಸಿದರು: ಪುಡಿಯದು ಒಂದು, ಆ ಕುಟುಂಬದ ಹುಟ್ಟುಗುಣದ್ದು ಒಂದು, ಆ ದಿನದ ಗಾಳಿ, ಬಿಸಿಲು, ಹೂವಿನದು ಒಂದು. ಮೂರನ್ನೂ ಬೇರೆ ಬೇರೆ ಮಾಡಿ ತೂಗುವ ಲೆಕ್ಕ ಅದು. ಒಂದು ಕುಟುಂಬಕ್ಕೆ ಆರೇ ವಾರ, ಉಳಿದವಕ್ಕೆ ಹನ್ನೆರಡು ಇದ್ದರೂ ನಡೆಯುತ್ತದೆ. ಹದಿನೈದು ದಿನಕ್ಕೆ ಹೊಸ ಕಾಗದ ಬಂತು. ಮೂರು ನಕ್ಷತ್ರ ಇದ್ದಲ್ಲಿ ಒಂದೇ ಒಂದು ಉಳಿದಿತ್ತು.

"ಒಂದು ಸಾಕಲ್ಲವಾ ಅಕ್ಕೋರೆ! ಒಂದಿದ್ದರೂ ಹೌದು ಅಂತಲೇ ಅರ್ಥ!" ಎಂದು ಕುಣಿದೆ.

"ಯಂತ್ರ ಈ ಸಲ ಕುಟುಂಬ ಯಾವುವು ಅಂತ ಕೇಳೇತಿ. ಎಷ್ಟು ಅಂತ ಕೇಳಿಲ್ಲ. ನಮ್ಮ ಹತ್ರ ಸಾವಿರ ಕುಟುಂಬ ಅದಾವ ಅಂತ ತಿಳ್ಕೊಂಡು ಅಳತಿಗೋಲು ಹಿಡದೇತಿ. ಇರೂದು ಎಂಟು. ಎಂಟಕ್ಕ ಅಳತಿಗೋಲು ಬ್ಯಾರೆ" ಎಂದು ಅವರು ಒಂದು ರಟ್ಟು, ಒಂದು ಕತ್ತರಿ ತಂದಿಟ್ಟರು.

ಪ್ರತಿ ಕುಟುಂಬಕ್ಕೂ ಒಂದೇ ಅಂಕಿ: ವಾರಕ್ಕೆ ಸರಾಸರಿ ಎಷ್ಟು ತೂಕ ಏರಿತು ಎಂಬುದು. ಎಂಟು ರಟ್ಟಿನ ತುಂಡುಗಳ ಮೇಲೆ ಎಂಟು ಅಂಕಿ ಬರೆಸಿದರು. ಪುಡಿ ಬರೀ ಹಿಟ್ಟಾಗಿದ್ದರೆ, ಆಗಲೂ ಈ ಎಂಟು ಕುಟುಂಬ ಇಷ್ಟಿಷ್ಟೇ ಏರುತ್ತಿದ್ದವು. ಚೀಟಿ ಯಾರ ಪಾಲಿಗೆ ಬಂತೆಂಬುದು ಮಾತ್ರ ಬದಲಾಗುತ್ತಿತ್ತು. ಎಂಟನ್ನು ನಾಲ್ಕು ನಾಲ್ಕು ಮಾಡಲು ಎಪ್ಪತ್ತು ದಾರಿ. ಎಪ್ಪತ್ತನ್ನೂ ಜೋಡಿಸಿ, ಎರಡು ಗುಂಪಿನ ಅಂತರ ಬರೆದು ನೋಡಬೇಕು. ನಮಗೆ ಸಿಕ್ಕಷ್ಟು ದೊಡ್ಡ ಅಂತರ ಬರೀ ಚೀಟಿಯ ಆಟದಿಂದ ಎಷ್ಟು ಸಲ ಬರುತ್ತದೆಂದು ಎಣಿಸಬೇಕು.

ಶುರು ಮಾಡುವ ಮೊದಲು ಅವರು ನನ್ನ ಕೈ ಹಿಡಿದರು. "ಎಷ್ಟರೊಳಗ ಬಂದ್ರ ಹೌದು ಅಂತಿ? ಈಗ ಹೇಳು. ಎಣಿಸಿದ ಮ್ಯಾಲೆ ಬಾಯಿ ತಗೀಬ್ಯಾಡ."

"ಇಪ್ಪತ್ತಕ್ಕೊಂದು ಅಂತ ಪುಸ್ತಕದಲ್ಲಿದೆ."

"ಅಂದ್ರ ಎಪ್ಪತ್ತರಾಗ ಮೂರು. ಮೂರರೊಳಗ ಬಂದ್ರ ನಾ ಸಹಿ ಹಾಕ್ತೀನಿ. ದಾಟಿದ್ರ?"

"ದಾಟಿದರೆ ಗೊತ್ತಿಲ್ಲ ಅಂತ ಬರೀತೇನೆ" ಎಂದೆ. ಆ ಮಾತು ಕೊಡುವಾಗ ದಾಟುವುದಿಲ್ಲ ಎಂಬ ಭಂಡಧೈರ್ಯ ಇತ್ತು, ಸುಳ್ಳೇಕೆ ಹೇಳಲಿ.

ಎರಡು ಹಗಲು ಅವರ ಜಗುಲಿಯಲ್ಲಿ ರಟ್ಟಿನ ತುಂಡು ಜೋಡಿಸಿದೆವು. ಅವರು ಜೋಡಿಸುತ್ತಿದ್ದರು, ನಾನು ಕೂಡಿ ಕಳೆಯುತ್ತಿದ್ದೆ. ನಡುವೆ ಅವಲಕ್ಕಿ ಕಲಸಿ ಕೊಟ್ಟರು. ಎಪ್ಪತ್ತೂ ಮುಗಿದಾಗ ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತ ಬಂದೆ. ಒಂದು, ಎರಡು, ಮೂರು. ನಾಲ್ಕನೆಯದು ಸಿಕ್ಕಿತು. ಇನ್ನೂ ಎರಡು ಸಿಕ್ಕವು. ಆರು. ಒಂದು ನಕ್ಷತ್ರವೂ ಉಳಿಯಲಿಲ್ಲ. ನಾನು ತಿರುಗಿ ಮೊದಲಿನಿಂದ ಎಣಿಸಿದೆ. ಅವರು ಬೇಡ ಅನ್ನಲಿಲ್ಲ. ಆರೇ.

"ಬರೀ ಮೂರು ಹೆಚ್ಚು, ಅಕ್ಕೋರೆ" ಎಂದೆ. ನನ್ನ ಧ್ವನಿಯಲ್ಲಿದ್ದ ಯಾಚನೆ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಪುಡಿ ಕೆಟ್ಟದು ಅಂತ ನಾ ಹೇಳವಲ್ಲೆ. ಚೊಲೋನೂ ಇರಬಹುದು. ಆದ್ರ ಮೂರು ತಾಲೂಕಿನ ಮಂದಿ ಮ್ಯಾಲೆ ಕಡ್ಡಾಯ ಹೇರಾಕ ಇಷ್ಟು ಸಾಲೂದಿಲ್ಲ. ನಿನ್ನ ನೌಕರಿ ನನಗ ಗೊತ್ತದ ತಂಗಿ. ಗೊತ್ತಿದ್ದೂ ಹೇಳಾಕತ್ತೀನಿ."

ಅಧ್ಯಕ್ಷರ ಹತ್ತಿರ ಹೋಗಿ ಹೇಳಿದೆ. ಅವರು ಕೂಗಾಡಲಿಲ್ಲ, ಮೃದುವಾಗಿ ಮಾತಾಡಿದ್ದೇ ಹೆಚ್ಚು ಕಷ್ಟವಾಯಿತು. "ನೋಡು ತಂಗಿ, ಮೂರು ನಕ್ಷತ್ರದ ಕಾಗದದ ಇನ್ನೊಂದು ಪ್ರತಿ ನನ್ನ ಹತ್ರ ಇದೆ. ನೀನು ಸಭೆಯಲ್ಲಿ ಅದನ್ನ ಓದಿ ಕೂತ್ಕೊ. ಅಷ್ಟೇ. ಮುದುಕಿಯ ರಟ್ಟಿನ ಆಟಕ್ಕೆ ನಿನ್ನ ಜೀವನ ಹಾಳು ಮಾಡ್ಕೊಬೇಡ."

ಸಭೆ ಶಿರಸಿಯಲ್ಲಿ, ಒಂದು ಮದುವೆ ಛತ್ರದಲ್ಲಿ. ಅಕ್ಕೋರು ಬಂದು ಎದುರು ಸಾಲಿನಲ್ಲಿ ಕೂತರು. ಸದಸ್ಯರಲ್ಲದವರಿಗೆ ಮಾತಾಡಲು ಅವಕಾಶವಿಲ್ಲ ಎಂದು ಅಧ್ಯಕ್ಷರು ಆರಂಭದಲ್ಲೇ ಘೋಷಿಸಿದರು. ಹಾಗಾಗಿ ಹೇಳುವುದಿದ್ದರೆ ನಾನೇ ಹೇಳಬೇಕು. ಮೈಕಿನ ಮುಂದೆ ನಿಂತಾಗ ನನ್ನ ಕೈಯಲ್ಲಿ ಅಧ್ಯಕ್ಷರು ಕೊಟ್ಟ ಕಾಗದವೂ ಎಪ್ಪತ್ತು ದಾರಿಯ ಲೆಕ್ಕದ ಹಾಳೆಯೂ ಇದ್ದವು. ಅಮ್ಮನ ಮುಖ ನೆನಪಾಯಿತು. ಅಕ್ಕೋರು ನನ್ನ ಕಡೆ ನೋಡುತ್ತಿರಲಿಲ್ಲ. ನನ್ನ ಮೇಲೆ ಭಾರ ಹಾಕಬಾರದೆಂದು ಬೇಕಂತಲೇ ಗೋಡೆ ನೋಡುತ್ತಿದ್ದರು. ಮೂರು ನಕ್ಷತ್ರದ ಕಾಗದವನ್ನು ಮೇಜಿನ ಮೇಲಿಟ್ಟೆ.

"ಪುಡಿ ಕೆಲಸ ಮಾಡುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ" ಎಂದೆ.

ಗದ್ದಲ ಎದ್ದಿತು. ತೊಂಬತ್ತಾರು ಸಲ ತೂಗಿ ಗೊತ್ತಿಲ್ಲ ಎನ್ನಲು ಇವಳಿಗೆ ಸಂಬಳ ಯಾಕೆ ಎಂದು ಯಾರೋ ಕೂಗಿದರು. ನಾನು ಎಂಟು ಕುಟುಂಬದ ಲೆಕ್ಕ ಹೇಳಿದೆ, ಐದನೆಯ ಪೆಟ್ಟಿಗೆಯ ವಿಷಯವನ್ನೂ ಹೇಳಿದೆ, ಯಾರದೆಂದು ಹೇಳಲಿಲ್ಲ. ಆಗ ಹಿಂದಿನ ಸಾಲಿನಿಂದ ನಿಲ್ಕುಂದದ ಯಜಮಾನರು ತಾವೇ ಎದ್ದರು. "ಅದು ಎನ್ನ ಪೆಟ್ಟಿಗೆ. ಬೇರೆ ಕುಟುಂಬ ಕೂರ್ಸಿದ್ದು ಆನೇ. ಈ ಕೂಸು ಹೇಳದು ಖರೆ ಇದ್ದು. ಗೊತ್ತಿಲ್ಲದ್ದನ್ನ ಕಡ್ಡಾಯ ಮಾಡಲಾಗ." ಅಷ್ಟು ಜನರೆದುರು ಆ ಮನುಷ್ಯ ತಮ್ಮ ತಪ್ಪು ಒಪ್ಪಿಕೊಂಡ ಮೇಲೆ ಕೂಗಾಡಿದವರೂ ಕೂತುಕೊಂಡರು. ನಿರ್ಣಯ ಮುಂದಕ್ಕೆ ಹೋಯಿತು. ಮರುವಾರ ನನ್ನ ಕೆಲಸ ಹೋಯಿತು.

ಅಕ್ಕೋರು ನನ್ನನ್ನು ಕರೆದು ಸಂಖ್ಯಾಶಾಸ್ತ್ರ ಓದು ಎಂದರು. ಸಲಹೆಯ ಧಾಟಿಯಲ್ಲಿ ಅಲ್ಲ, ಹುಕುಂ. ತಮ್ಮ ಪುಸ್ತಕಗಳನ್ನೆಲ್ಲ ನನ್ನ ಮನೆಗೆ ಸಾಗಿಸಿದರು. ಸಂಘ ಎರಡನೆಯ ಪರೀಕ್ಷೆ ಮಾಡಿದಾಗ ಹೇಗೆ ಮಾಡಬೇಕೆಂದು ಬರೆದು ಕೊಟ್ಟವರು ಅವರೇ. "ವಾರ ವಾರ ತೂಗೂದು ಬ್ಯಾಡ್ರಿ, ತಿಂಗಳಿಗೊಮ್ಮೆ ಸಾಕು. ಮಂದಿ ಹೆಚ್ಚು ಮಾಡ್ರಿ." ನಲವತ್ತು ಮನೆ, ಮನೆಗೊಂದು ಕುಟುಂಬ, ಹಾರಿಹೋದರೆ ಹಾರಿಹೋಯಿತೆಂದೇ ಬರೆಯಬೇಕು. ಅರವತ್ತು ದಾಟಿದ ಆ ಹೆಂಗಸು ಪ್ರತಿ ತಿಂಗಳು ಸಿದ್ದಾಪುರದ ದಾರಿಯ ಪೆಟ್ಟಿಗೆಗಳನ್ನು ತಾವೇ ಹೋಗಿ ನೋಡುತ್ತಿದ್ದರು. ತಕ್ಕಡಿ ಹೊತ್ತು ಜೊತೆಗೆ ನಾನು.

ಎರಡು ವರ್ಷದ ಮೇಲೆ ಫಲಿತಾಂಶ ಬಂತು. ಪುಡಿ ಕೆಲಸ ಮಾಡುತ್ತಿತ್ತು. ಬಹಳವೇನಲ್ಲ, ಆದರೆ ಖಂಡಿತವಾಗಿ ಮಾಡುತ್ತಿತ್ತು.

ಊರಿಗೆ ಹಬ್ಬವಾಯಿತು. ಮೂರು ನಕ್ಷತ್ರ ಅವತ್ತೇ ಹೇಳಿತ್ತಲ್ಲ ಎಂದು ಅಧ್ಯಕ್ಷರು ಸಿಕ್ಕಲ್ಲೆಲ್ಲ ಹೇಳಿದರು. ನನಗೆ ಮಾತ್ರ ಅದು ಹಬ್ಬವಾಗಲಿಲ್ಲ. ಯಾಕೆಂದರೆ ನಿಲ್ಕುಂದದ ಯಜಮಾನರು ನನ್ನ ಮಾತು ನಂಬಿ ಪುಡಿ ಹಾಕುವುದನ್ನು ನಿಲ್ಲಿಸಿದ್ದರು. ಆ ಎರಡು ವರ್ಷದಲ್ಲಿ ಅವರ ಎರಡು ಕುಟುಂಬಗಳು ರೋಗಕ್ಕೆ ಹೋಗಿದ್ದವು. ಅಕ್ಕೋರು ಅದನ್ನು ಕೇಳಿದ ದಿನವೇ ಬಸ್ಸು ಹತ್ತಿದರು. ನಾನೂ ಹೋದೆ. ಯಜಮಾನರು ಜಗುಲಿಯಲ್ಲಿದ್ದರು.

"ಅಕ್ಕೋರೆ, ಆವತ್ತು ನಿಂಗ ಹೌದು ಹೇಳಿದ್ರೆ ಎನ್ನ ಎರಡು ಕುಟುಂಬ ಉಳಿತಿತ್ತ?" ಎಂದು ನೇರವಾಗಿ ಕೇಳಿದರು.

"ಉಳೀತಿದ್ದವೋ ಏನೋ. ಅದನ್ನ ನಿಮ್ಮ ಎದುರ ನಿಂತು ಹೇಳಾಕ ಬಂದೀನ್ರಿ. ನನಗ ಕೆಟ್ಟ ಅನಸ್ತದ. ಆದ್ರ ಆವತ್ತು ನನಗ ಗೊತ್ತಿರಲಿಲ್ಲ. ಗೊತ್ತದ ಅಂತ ಹೇಳಿದ್ರ ಸುಳ್ಳ ಆಗ್ತಿತ್ತು. ಮುಂದ ಇನ್ನೊಂದು ಪುಡಿ ಬಂದಾಗ ನನ್ನ ಮಾತು ನಿಮಗ ಉಪಯೋಗಕ್ಕ ಬರ್ತಿರಲಿಲ್ಲ."

ಯಜಮಾನರು ಅಂಗಳದ ಕಡೆ ನೋಡಿದರು. ಅಲ್ಲಿ ಎರಡು ಪೆಟ್ಟಿಗೆ ಖಾಲಿ ನಿಂತಿದ್ದವು. ಈ ಸಲ ಅವರು ಬೇರೆ ಜೇನು ತಂದು ತುಂಬಿರಲಿಲ್ಲ. "ಆತು. ಕುಂತ್ಕಳಿ, ಆಸ್ರಿಗೆ ತರ್ತೆ" ಎಂದು ಒಳಗೆ ಹೋಗಿ ಎರಡು ಲೋಟ ಪಾನಕ ತಂದರು.

ಅಕ್ಕೋರು ತೀರಿಕೊಂಡದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ, ಎರಡು ಸಾವಿರನೇ ಇಸವಿಯ ಈಚೆಗೆ. ಮೂರು ದಿನ ಜ್ವರ, ಅಷ್ಟೇ. ಆ ಹೊತ್ತಿಗೆ ನಾನು ಅವರು ಹೇಳಿದ್ದನ್ನು ಓದಿ ಮುಗಿಸಿ, ಅವರು ಕಲಿಸುತ್ತಿದ್ದದ್ದನ್ನೇ ಕಲಿಸಿ ಮನೆ ನಡೆಸುತ್ತಿದ್ದೆ. ಕೆಲಸ ಕಳೆದದ್ದೂ ಅವರಿಂದ, ಬದುಕು ಸಿಕ್ಕಿದ್ದೂ ಅವರಿಂದ. ಎರಡನ್ನೂ ಲೆಕ್ಕಕ್ಕೆ ಹಿಡಿದೇ ಹೇಳುತ್ತಿದ್ದೇನೆ, ಅವರ ಋಣ ನನ್ನ ಮೇಲೆ ತೀರದಷ್ಟಿದೆ.

ಶಿರಸಿಯಲ್ಲಿ ಸಂತಾಪ ಸಭೆ ನಡೆಯಿತು. ಹಳೆಯ ಅಧ್ಯಕ್ಷರೂ ಬಂದಿದ್ದರು. ಒಳ್ಳೆಯ ಮಾತುಗಳನ್ನೇ ಆಡಿದರು. ಕೊನೆಗೆ, "ಆ ಜೇನಿನ ಪುಡಿಯ ವಿಷಯದಲ್ಲಿ ಅಕ್ಕೋರ ಲೆಕ್ಕ ತಪ್ಪಿತ್ತು. ಮನುಷ್ಯರೆಂದ ಮೇಲೆ ತಪ್ಪು ಸಹಜ. ಅದನ್ನೆಲ್ಲ ನಾವು ಮರೆತಿದ್ದೇವೆ" ಎಂದು ದೊಡ್ಡ ಮನಸ್ಸಿನಿಂದ ಕ್ಷಮಿಸಿ ಕೂತರು. ಸಭೆ ಹೌದೆಂದು ತಲೆಯಾಡಿಸಿತು.

ಮಾತಾಡುವವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಎದ್ದು ಹೋಗಿ ಮೈಕು ಹಿಡಿದೆ. "ಅವರ ಲೆಕ್ಕ ತಪ್ಪಿರಲಿಲ್ಲ. ಎಂಟು ಕುಟುಂಬ ನೋಡಿದವರು ಹೇಳಬಹುದಾದದ್ದನ್ನು ಅವರು ಹೇಳಿದರು. ನಲವತ್ತು ನೋಡಿದ ಮೇಲೆ ಹೇಳಬೇಕಾದದ್ದನ್ನೂ ಅವರೇ ಹೇಳಿದರು. ಪುಡಿ ಒಳ್ಳೆಯದೆಂದು ನೀವು ಹೇಳಿದ್ದು ನಿಜವಾಯಿತು, ಅಧ್ಯಕ್ಷರೇ. ಆದರೆ ಹೇಳುವಾಗ ನಿಮಗೆ ಅದು ಗೊತ್ತಿರಲಿಲ್ಲ" ಎಂದೆ.

ಸಂತಾಪ ಸಭೆಯಲ್ಲಿ ಇದೆಲ್ಲ ಬೇಡ ಎಂದು ಯಾರೋ ಕೈಸನ್ನೆ ಮಾಡಿದರು. ಮೈಕಿನವನು ಸ್ವಿಚ್ಚು ಆರಿಸಿದ. ಒಂದು ನಿಮಿಷದ ಮೌನಕ್ಕೆ ಎಲ್ಲರೂ ಎದ್ದು ನಿಲ್ಲಬೇಕೆಂದು ನಿರೂಪಕರು ಬಾಯಲ್ಲೇ ಕೂಗಿ ಹೇಳಿದರು. ಜನ ಎದ್ದು ನಿಂತು ತಲೆ ತಗ್ಗಿಸಿದರು. ನಾನು ಮೌನ ಆಚರಿಸಲಿಲ್ಲ. ಐದನೆಯ ಪೆಟ್ಟಿಗೆಯಿಂದ ಶುರು ಮಾಡಿ, ಎಪ್ಪತ್ತು ದಾರಿಯ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ, ಹಿಂದಿನ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.